ಹೊಳೆ ಇಳಿದಾಗ

ಹುಟ್ಟುಹಬ್ಬ ಎಂಬುದು ನಮ್ಮ ಮನೆಯ ಪಂಚಾಂಗದೊಳಗೆ ಬಹಳ ತಡವಾಗಿ ಸೇರಿದ ಹಬ್ಬ. ನನ್ನ ಮಕ್ಕಳು ಅದನ್ನು ಶಾಲೆಯಿಂದ ಹಿಡಿದು ತಂದರು. ಅಲ್ಲಿಯವರೆಗೆ ನಾವು ಹುಟ್ಟಿದ್ದು ನಿಜವೆಂಬುದಕ್ಕೆ ಬದುಕಿರುವುದಕ್ಕಿಂತ ಹೆಚ್ಚಿನ ರುಜುವಾತನ್ನು ಯಾರೂ ಕೇಳಿರಲಿಲ್ಲ.

2024ರ ಮೇ ತಿಂಗಳಲ್ಲಿ ಅಮ್ಮನಿಗೆ ಎಂಬತ್ತು ತುಂಬುತ್ತದೆ ಎಂಬ ಸಂಗತಿಯನ್ನು ಕಂಡುಹಿಡಿದವಳೂ ನನ್ನ ಮಗಳೇ. ಆಧಾರ ಅಜ್ಜಿಯ ಆಧಾರ್ ಕಾರ್ಡು. ಆ ತಾರೀಖನ್ನು ಕೊಟ್ಟವರು ಅಮ್ಮನ ಊರಿನ ಶಾಲೆಯ ಮಾಸ್ತರರು. ಮಹಾ ಉದಾರಿಗಳು, ಊರಿನ ಅರ್ಧದಷ್ಟು ಮಕ್ಕಳಿಗೆ ಒಂದೇ ದಿನ ಜನ್ಮ ಕೊಟ್ಟುಬಿಟ್ಟಿದ್ದರು. “ಆ ತಾರೀಖು ಸುಳ್ಳು” ಎಂದು ಅಮ್ಮ ಹೇಳಿ ನೋಡಿದಳು. ಸರಕಾರ ಒಪ್ಪಿದ್ದನ್ನು ನಾವು ಒಪ್ಪದಿದ್ದರೆ ಹೇಗೆ? ಎಲ್ಲಾದರೂ ಪ್ರವಾಸ ಹೋಗಿ ಹುಟ್ಟುಹಬ್ಬ ಆಚರಿಸುವುದೆಂದು ತೀರ್ಮಾನವಾಯಿತು. ಊಟಿ, ಕೊಡೈಕೆನಾಲ್, ಕೊಡಗು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅಮ್ಮ ಪತ್ರಿಕೆ ಓದುತ್ತಿದ್ದಳು. ಅವಳು ಮೊದಲು ನೋಡುವುದು ಜಲಾಶಯಗಳ ನೀರಿನ ಮಟ್ಟದ ಪಟ್ಟಿ. ಚಿನ್ನದ ಧಾರಣೆ ಆಮೇಲೆ. ಇದೊಂದು ವಿಚಿತ್ರ ಚಟವೆಂದು ನಾವು ನಗುವುದುಂಟು. ಆ ಪಟ್ಟಿಯಿಂದ ತಲೆಯೆತ್ತಿ, “ಜೋಗದ ಕಡೆ ಹೋಗೋಣ” ಎಂದಳು.

ಸರಿ, ಜೋಗ! ರಾತ್ರಿಯ ರೈಲಿಗೆ ಏಳು ಟಿಕೆಟು, ವಸತಿಗೃಹದಲ್ಲಿ ಮೂರು ಕೋಣೆ, ಮಗಳ ತೊಡೆಯ ಮೇಲೆ ಒಂದು ಕೇಕಿನ ಪೆಟ್ಟಿಗೆ. ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿಯುವ ಹೊತ್ತಿಗೆ ಕೇಕಿನ ಮೇಲಿನ ಎಂಬತ್ತರಲ್ಲಿ ಸೊನ್ನೆ ಕರಗಿ, ಅಮ್ಮನಿಗೆ ಎಂಟು ವರ್ಷವಾಗಿತ್ತು. ವಸತಿಗೃಹದ ಪುಸ್ತಕದಲ್ಲಿ ನಮ್ಮ ಹೆಸರೇ ಇರಲಿಲ್ಲ. ಬಹಳ ವಾದದ ಮೇಲೆ ಏಳು ಜನಕ್ಕೆ ಒಂದು ಕೋಣೆ ಸಿಕ್ಕಿತು. ನಾಡಿಗೆಲ್ಲ ಬೆಳಕು ಕೊಡುವ ಹೊಳೆಯ ದಂಡೆಯಲ್ಲಿ ನಿಂತು ಗುಂಡಿ ಒತ್ತಿದರೆ ಫ್ಯಾನು ತಿರುಗಲಿಲ್ಲ, ಕರೆಂಟು ಹೋಗಿತ್ತು.

ಜಲಪಾತವನ್ನು ಕಂಡರೆ ಎಲ್ಲವೂ ಮರೆತುಹೋಗುತ್ತದೆಂದು ಎಲ್ಲರನ್ನೂ ಹುರಿದುಂಬಿಸಿಕೊಂಡು ಹೊರಟೆ. ಎದುರಿಗೆ 830 ಅಡಿ ಎತ್ತರದ ಬಂಡೆ. ಬಿಸಿಲಿಗೆ ಸುಟ್ಟ ಬರಿಯ ಬಂಡೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ವರಲ್ಲಿ ರಾಜನೊಬ್ಬ ಜನಿವಾರದ ಎಳೆಯಂತೆ ಇಳಿಯುತ್ತಿದ್ದ. ರಾಣಿಯ ಸುಳಿವಿರಲಿಲ್ಲ. ರೋರರ್ ಬಾಯಿಯನ್ನೇ ತೆರೆಯಲಿಲ್ಲ. ರಾಕೆಟ್ ಯಾವಾಗಲೋ ಹಾರಿಹೋಗಿತ್ತು.

ಮೇಲುಗಡೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ಅಂದಿನಿಂದ ಶರಾವತಿಯ ನೀರಿಗೆ ಮೊದಲ ಹಕ್ಕುದಾರರು ವಿದ್ಯುತ್ ಯಂತ್ರಗಳು; ಜಲಪಾತಕ್ಕೆ ಉಳಿಯುವುದು ಮಳೆಗಾಲದ ಮಿಗತೆ. ಸಾಲದ್ದಕ್ಕೆ ಹಿಂದಿನ ವರ್ಷ, 2023ರಲ್ಲಿ, ಮಳೆಯೂ ಕೈಕೊಟ್ಟಿತ್ತು. ಇಷ್ಟನ್ನೂ ನಾನು ಬಲ್ಲೆ. ಟಿಕೆಟು ಮಾಡಿಸುವಾಗ ಮಾತ್ರ ನೆನಪಿಗೆ ಬರಲಿಲ್ಲ.

“ಅಮ್ಮಾ, ತಪ್ಪಾಯಿತು” ಎಂದೆ.

“ನೀರಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಬಂದದ್ದು” ಎಂದಳು ಅಮ್ಮ. “ನಾನು ಜೋಗ ಅಂದೆನೇನು? ಜೋಗದ ಕಡೆ ಅಂದೆ.”

ಆ ‘ಕಡೆ’ ಎಂಬ ಮಾತನ್ನು ಏಳು ಜನರಲ್ಲಿ ಒಬ್ಬರೂ ಕೇಳಿಸಿಕೊಂಡಿರಲಿಲ್ಲ.

ಅಮ್ಮನ ತವರೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದೆ. ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಮುತ್ತಜ್ಜನ ಹೆಸರು ಗೊತ್ತಿರುವ ಹಾಗೆ ಗೊತ್ತಿತ್ತು. ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಆವರಿಸುವ ನೀರು ಅದು. ಅವಳು ಮದುವೆಯಾಗಿ ಬಂದ ಮರುವರ್ಷವೇ ಅವಳ ತಂದೆತಾಯಿ ಮನೆಯ ಹೆಂಚು ಇಳಿಸಿ, ದನಗಳನ್ನು ಹೊಡೆದುಕೊಂಡು ಬೇರೆ ಕಡೆಗೆ ಹೋದರು. ಆಮೇಲೆ ಅಮ್ಮನಿಗೆ ತವರಿಗೆ ಹೋಗುವುದೆಂದರೆ ತಾನು ಹುಟ್ಟದ, ಬೆಳೆಯದ ಮನೆಗೆ ಹೋಗುವುದಾಯಿತು. ಊರಿನ ಹೆಸರು ಈಗ ಯಾವ ಬಸ್ಸಿನ ಬೋರ್ಡಿನ ಮೇಲೂ ಇಲ್ಲ.

ಬಾಡಿಗೆಯ ವ್ಯಾನು ಮಾಡಿ, ಸಾಗರಕ್ಕೆ ಹಿಂದಿರುಗಿ, ಅಲ್ಲಿಂದ ಹೊಳೆಬಾಗಿಲಿನ ಕಡೆಗೆ ಹೊರಟೆವು. ದಾರಿಯಲ್ಲಿ ಚಾಲಕನು, ಇಂಥ ಕಡುಬೇಸಗೆಯಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಕೂಡ ತಲೆಯೆತ್ತುತ್ತದೆ ಎಂದ. ಲಿಂಗನಮಕ್ಕಿಗಿಂತ ಮೊದಲು ಈ ಹೊಳೆಗೆ ಹಾಕಿದ ಕಟ್ಟು ಅದು. ಕಟ್ಟನ್ನೇ ಮತ್ತೊಂದು ಕಟ್ಟು ಮುಳುಗಿಸಿದ್ದು ಜಗತ್ತಿನ ನ್ಯಾಯ.

ಸಂಜೆಯ ಹೊತ್ತಿಗೆ ದಂಡೆಗೆ ಬಂದೆವು. ನೀರು ಬಹಳ ದೂರ ಸರಿದಿತ್ತು. ಬಿರುಕು ಬಿಟ್ಟ ಕೆಸರು, ಅಲ್ಲಲ್ಲಿ ಅರುವತ್ತು ವರ್ಷ ನೀರಿನಲ್ಲಿ ನಿಂತು ಕಪ್ಪಾದ ಮರದ ಬೊಡ್ಡೆಗಳು. ಅಮ್ಮನ ಮನೆಯ ಪಂಚಾಂಗ ಸಿಕ್ಕಿತು, ತುಳಸಿಕಟ್ಟೆ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಏನೂ ಸಿಗಲಿಲ್ಲ. ಅದು ಇನ್ನೂ ಒಳಗೆ, ನೀರಿನಡಿಯಲ್ಲಿಯೇ ಇತ್ತು. ಅಮ್ಮ ಚಪ್ಪಲಿ ಬಿಟ್ಟು ಹತ್ತು ಹೆಜ್ಜೆ ನಡೆದು, ಆಚೆಯ ಗುಡ್ಡವನ್ನು ನೋಡುತ್ತ ನಿಂತಳು.

“ಅದೇ ಗುಡ್ಡ. ಗಿಡ್ಡವಾಗಿದೆ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ನನಗೆ ಅರ್ಥವಾಯಿತು. ಗುಡ್ಡ ಗಿಡ್ಡವಾಗಿರಲಿಲ್ಲ, ಅದರ ಪಾದ ನೀರಿನೊಳಗಿತ್ತು.

ಆಮೇಲೆ, ಯಾರೂ ಕೇಳದೆಯೇ ಹೇಳಿದಳು: “ನಾನು ಹುಟ್ಟಿದ ತಾರೀಖು ಅಬ್ಬೆಗೂ ಗೊತ್ತಿರಲಿಲ್ಲ. ಹೊಳೆಯ ಆಚೆಯಿಂದ ಸೂಲಗಿತ್ತಿ ಬರಬೇಕಿತ್ತು. ಬೇಸಗೆ, ಹೊಳೆ ಇಳಿದಿತ್ತು. ದೋಣಿಗೆ ಕಾಯದೆ, ಮೊಣಕಾಲು ನೀರಿನಲ್ಲಿ ನಡೆದೇ ಬಂದಳಂತೆ. ‘ಹೊಳೆ ಇಳಿದಾಗ ಹುಟ್ಟಿದವಳು, ತುಂಬಿದ್ದರೆ ನಾವಿಬ್ಬರೂ ಉಳಿಯುತ್ತಿರಲಿಲ್ಲ’ ಅನ್ನುತ್ತಿದ್ದಳು ಅಬ್ಬೆ.”

ಮಗಳು ಮಾತಾಡದೆ ಪೆಟ್ಟಿಗೆ ಬಿಚ್ಚಿದಳು. ಕತ್ತರಿಸುವ ಸ್ಥಿತಿಯಲ್ಲಿ ಕೇಕು ಇರಲಿಲ್ಲ. ಚಮಚದಲ್ಲಿ ತೆಗೆದು ಮೊದಲು ಅಜ್ಜಿಯ ಬಾಯಿಗಿಟ್ಟಳು. ಅಮ್ಮ ತಿಂದು, “ಪಾಯಸ ಚೆನ್ನಾಗಿದೆ” ಎಂದಳು. ಆ ಬೊಡ್ಡೆಗಳ ನಡುವೆ ನಿಂತು ನಾವು ಏಳು ಜನವೂ ನಕ್ಕೆವು. ರಾತ್ರಿ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದೆವು. ಸೆಕೆಯನ್ನು ಯಾರೂ ದೂರಲಿಲ್ಲ.

ಅದೇ ವರ್ಷ ಮಳೆ ಚೆನ್ನಾಗಿ ಬಂತು. ಆಗಸ್ಟ್ ತಿಂಗಳಲ್ಲಿ ಲಿಂಗನಮಕ್ಕಿಯ ಬಾಗಿಲು ತೆರೆದರು. ನಾಲ್ವರೂ ಮೈದುಂಬಿ ಧುಮುಕಿದರು. ಮಗಳು ಫೋನಿನಲ್ಲಿ ಜೋಗದ ಚಿತ್ರ ತೋರಿಸಿ, “ನೋಡಜ್ಜಿ, ಈಗ ಹೋಗಬೇಕಿತ್ತು” ಎಂದಳು. ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿದಳು.

“ಬಹಳ ಚೆಂದ” ಎಂದಳು. ಆಮೇಲೆ ಪತ್ರಿಕೆಯನ್ನು ಎಳೆದುಕೊಂಡು, ಪಟ್ಟಿಯ ಮೇಲೆ ಬೆರಳಾಡಿಸಿ, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು: “ಗುಡ್ಡ ಮತ್ತೆ ಗಿಡ್ಡವಾಗಿರುತ್ತದೆ.”

ಈಗ ಬೆಳಿಗ್ಗೆ ಪತ್ರಿಕೆ ಬಂದರೆ ಆ ಪಟ್ಟಿಯನ್ನು ನಾನೂ ನೋಡುತ್ತೇನೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಅದರಿಂದ ಎಷ್ಟು ಅಡಿ ಕೆಳಗಿಳಿದರೆ ಅಮ್ಮನ ಹುಟ್ಟುಹಬ್ಬವೋ, ಆ ಲೆಕ್ಕ ಯಾವ ಮಾಸ್ತರರೂ ಬರೆದಿಟ್ಟಿಲ್ಲ.