ಬಾಜೂ ಮನೆಯ ದೆವ್ವ

ಮಂದ್ರೂಪಿನ ಒಂದು ಮನೆಯಲ್ಲಿ ಮಕ್ಕಳು 'ಘೋಸ್ಟ್ ಸ್ಟೋರೀಸ್' ಎಂಬ ಹಲಗೆಯಾಟ ಹರವಿದಾಗ, ಫಾದರ್ ಮುಂದೆ ದೆವ್ವದಾಟವೇ ಎಂದು ಹಿರಿಯರಿಗೆ ಮುಜುಗರ. ನಾನೂ ಆಡಲು ಕುಳಿತೆ.

ಫ್ರಾನ್ಸಿನ ಆಂತ್ವಾನ್ ಬೋಜಾ ರಚಿಸಿದ ಈ ಆಟ 2008ರಲ್ಲಿ ಬಂತು. ಒಂಬತ್ತು ಬಿಲ್ಲೆಗಳ ಹಳ್ಳಿ, ಅದನ್ನು ಕಾಯಲು ನಾಲ್ವರು ಸನ್ಯಾಸಿಗಳು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಒಂದೇ ಬಿಲ್ಲೆಯ ಮೇಲೆ ನಿಂತವರು ಬಲ ಕೂಡಿಸಬಹುದು. ಸತ್ತವನನ್ನು ಇನ್ನೊಬ್ಬ ಸ್ಮಶಾನದ ಬಿಲ್ಲೆಯಲ್ಲಿ ನಿಂತು ಎಬ್ಬಿಸಬಹುದು. ಮೂರು ಬಿಲ್ಲೆಗಳನ್ನು ದೆವ್ವ ಹಿಡಿದರೆ ಊರೇ ಹೋಯಿತು.

ಆಡುತ್ತಾ 1990ರ ದಶಕದ ಸುದ್ದಿ ಹೇಳಿದೆ. ರಾತ್ರಿ ದೆವ್ವವೊಂದು ಗುರುತಿನವರ ದನಿಯಲ್ಲಿ ಕರೆಯುತ್ತದೆಂಬ ವದಂತಿಗೆ ಹೆದರಿ, ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅದನ್ನು ಓದಿ ದೆವ್ವ ತಿರುಗಿ ಹೋಗುತ್ತಿತ್ತಂತೆ. ಓದು ಬಲ್ಲ ದೆವ್ವ!

"ಹಂಗಾರ ಬಾಜೂ ಮನೀಗಿ ಹೋಗ್ತದಲ್ರಿ, ಫಾದರ್? ಅವರಿಗಿ ಬರ್ಯಾಕ ಬರ್ಲಿಲ್ಲಂದ್ರ?" ಎಂದಳು ಹತ್ತು ವರ್ಷದ ಹುಡುಗಿ.

ಯಾರೂ ಮಾತಾಡಲಿಲ್ಲ. ಹೊಲದ ಬದುವಿನ ಜಗಳದಿಂದ ಆ ಮನೆಗೂ ಬಾಜೂ ಮನೆಗೂ ಎರಡು ವರ್ಷದಿಂದ ಮಾತಿರಲಿಲ್ಲ. ಆ ಆಟ ಸೋತೆವು. ಮೂವರೇ ಆಡಿದ್ದೆವು, ನಾಲ್ಕನೆಯ ಜಾಗ ಖಾಲಿಯಿತ್ತು. ಅಜ್ಜಿ ಕಟ್ಟೆಯಿಂದಲೇ ಮೊಮ್ಮಗಳಿಗೆ ಹೇಳಿದರು: "ಆಚೆ ಮನಿ ಹುಡುಗನ್ನ ಕರಕೊಂಡು ಬಾ."

ಹುಡುಗ ಬಂದ. ಎರಡನೆಯ ಸಲವೂ ಸೋತೆವು.