ಸವಣೂರಿನ ಜನರೂ ಅವರ ದುಡಿಮೆಯೂ

ಹಾವೇರಿ ಜಿಲ್ಲೆಯಲ್ಲಿ ರಾಜಮಾರ್ಗದಿಂದ ಮೂಡಲಿಗೆ ಸರಿದು ಸವಣೂರೆಂಬ ಊರುಂಟು. ರೈಲು ಇದರ ಬಾಗಿಲಿಗೆ ಬಂದಿಲ್ಲ. ಹತ್ತಿರದ ನಿಲ್ದಾಣವು ಯಲವಿಗಿ. ಈ ಊರಿನ ಹೆಸರನ್ನೆತ್ತಿದೊಡನೆ ಕೆಲವರಿಗೆ ವೀಳ್ಯದೆಲೆಯೂ, ಕೆಲವರಿಗೆ ಸವಣೂರ ಖಾರವೂ, ಮಾಧ್ವರಿಗೆ ಶ್ರೀ ಸತ್ಯಬೋಧತೀರ್ಥರ ವೃಂದಾವನವೂ ನೆನಪಿಗೆ ಬರುವುವು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದುದು ಇಲ್ಲಿಯೇ ಎಂಬ ಅಭಿಮಾನವು ಸಾಹಿತ್ಯಪ್ರಿಯರಿಗೆ ಬೇರೆ.

ಪಠಾಣ ಮನೆತನದ ನವಾಬರು ಬಂಕಾಪುರವನ್ನು ಬಿಟ್ಟು ಇಲ್ಲಿ ನೆಲಸಿದ ಮೇಲೆ ಇದು ರಾಜಧಾನಿಯಾಯಿತು. ರಾಜ್ಯವೆಂದರೂ ವಿಸ್ತಾರವಾದುದೇನಲ್ಲ: 1901ರ ಖಾನೇಸುಮಾರಿಯ ಕಾಲಕ್ಕೆ 70 ಚದರ ಮೈಲು ನೆಲ, 18,446 ಜನ. ಆದರೆ ಇಷ್ಟರೊಳಗೇ ಮಠವುಂಟು, ಮಸೀದಿಯುಂಟು. ಮನೆಯಲ್ಲಿ ದಖನಿ ಉರ್ದುವನ್ನಾಡುವವನು ಸಂತೆಯಲ್ಲಿ ಅಚ್ಚ ಕನ್ನಡದಲ್ಲಿ ಚೌಕಾಸಿ ಮಾಡುವನು. ಕಲ್ಮಠದ ಆವರಣದಲ್ಲಿರುವ ಭಾರಿ ಮರಗಳನ್ನು ಜನರು ದೊಡ್ಡ ಹುಣಸೆಯೆನ್ನುವರು. ಹುಣಸೆಗೂ ಅವಕ್ಕೂ ನಂಟಿಲ್ಲ, ಅವು ಆಫ್ರಿಕಾ ಖಂಡದ ಜಾತಿಯವು. ಹೊರಗಿನಿಂದ ಬಂದುದಕ್ಕೆ ಒಂದು ಕನ್ನಡದ ಹೆಸರನ್ನಿಟ್ಟು ತನ್ನದಾಗಿಸಿಕೊಳ್ಳುವುದು ಈ ಊರಿನ ಹಳೆಯ ರೂಢಿಯೆಂದು ತೋರುತ್ತದೆ. 1948ರ ಮಾರ್ಚಿ 8ರಂದು ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಹಾವೇರಿ ಜಿಲ್ಲೆ. ಹಣೆಪಟ್ಟಿ ಬದಲಾಯಿತು, ಎಲೆಯ ದುಡಿಮೆ ಬದಲಾಗಲಿಲ್ಲ.

ಎಲೆಬಳ್ಳಿಯಷ್ಟು ಮುದ್ದು ಬೇಡುವ ಬೆಳೆ ಮತ್ತೊಂದಿಲ್ಲ. ಬಿಸಿಲು ಹೆಚ್ಚಾದರೆ ಬಾಡುವುದು, ನೀರು ನಿಂತರೆ ಬೇರು ಕೊಳೆಯುವುದು, ಬಿರುಗಾಳಿಗೆ ಎಲೆ ಹರಿಯುವುದು. ಅದಕ್ಕಾಗಿ ಮೊದಲು ಚೊಗಚಿ, ನುಗ್ಗಿಯಂಥ ಆಸರೆಯ ಗಿಡಗಳನ್ನು ಬೆಳೆಸಿ, ಅವುಗಳ ನೆರಳಿನಲ್ಲಿ ಬಳ್ಳಿಯನ್ನು ಹಬ್ಬಿಸಬೇಕು. ಏರುವ ಬಳ್ಳಿಯನ್ನು ಮೆಲ್ಲನೆ ಗಿಡಕ್ಕೆ ಕಟ್ಟಬೇಕು. ಬಳ್ಳಿಯು ಕೈಗೆಟುಕದಷ್ಟು ಬೆಳೆದರೆ ಕೆಳಗಿಳಿಸಿ, ಬುಡದ ಭಾಗವನ್ನು ಮಣ್ಣಿನಲ್ಲಿ ಹೂಳಬೇಕು. ಏಣಿಯ ಮೇಲೆ ನಿಂತು ಒಂದೊಂದೇ ಎಲೆಯನ್ನು ತೊಟ್ಟಿನೊಡನೆ ಚಿವುಟುವವನೊಬ್ಬ, ಕೆಳಗೆ ಕುಳಿತು ಎಳೆಯದು ಬಲಿತದ್ದೆಂದು ವಿಂಗಡಿಸಿ ಎಣಿಸುವವರು ಬೇರೆ, ನೀರು ಚಿಮುಕಿಸಿ ಕಟ್ಟು ಕಟ್ಟುವವರು ಬೇರೆ. ಎಲೆಗೆ ಕಾಯುವ ಗುಣವಿಲ್ಲ; ಬಾಡುವ ಮುನ್ನ ಅದು ಪೇಟೆ ಮುಟ್ಟಬೇಕು. ಒಂದು ಕಾಲಕ್ಕೆ ಇಲ್ಲಿಯ ಎಲೆ ಪಾಕಿಸ್ತಾನದವರೆಗೂ ಹೋಗುತ್ತಿತ್ತು. 2019ರಲ್ಲಿ ಎರಡು ದೇಶಗಳ ವ್ಯಾಪಾರವೇ ನಿಂತಿತು. ಮದುವೆಯ ಫಲತಾಂಬೂಲಕ್ಕೂ, ಮಠದ ಪೂಜೆಗೂ, ಹಳೆಯ ದರಬಾರದ ಪಾನದಾನಿಗೂ ಅದೇ ಎಲೆ ಸಲ್ಲುವುದು. ಕೊಯ್ದ ಕೈ ಯಾವ ಜಾತಿಯದೆಂದು ಅದು ಹೇಳುವುದಿಲ್ಲ.

ಈ ಸೌಹಾರ್ದವನ್ನು ಹೊಗಳುವವರು ಒಂದು ಕಸಬನ್ನು ಎಣಿಕೆಯಲ್ಲಿ ಮರೆಯುವರು. ಊರಿನ ಪಾಯಖಾನೆಗಳನ್ನು ಕೈಯಿಂದ ಬಳಿದು ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸಿದ ಭಂಗಿ ಸಮಾಜದ ಕೆಲವೇ ಕುಟುಂಬಗಳು ಇಲ್ಲಿ ಉಂಟು. ತಾಂಬೂಲ ಮೆದ್ದ ಬಾಯಿಗೆ ಅವರ ಹೆಸರು ಸುಲಭವಾಗಿ ಬಾರದು. ಶುಚಿತ್ವದ ವಿಧಿಗಳನ್ನು ಶ್ಲೋಕಗಳಲ್ಲಿ ಬಾಯಿಪಾಠ ಮಾಡಿದ ಪಂಡಿತರೂ, ತಮ್ಮ ಶುಚಿತ್ವವು ಯಾರ ಹೆಗಲ ಮೇಲೆ ನಿಂತಿದೆಯೆಂದು ವಿಚಾರಿಸಿದುದು ಕಡಿಮೆ.

ಅವರು ಬಹುಕಾಲದಿಂದ ವಾಸಿಸಿದ ಜಾಗವನ್ನು ತೆರವು ಮಾಡಬೇಕೆಂಬ ಮಾತು ಬಂದಿತು. ಕಛೇರಿಗೆ ಸಲ್ಲಿಸಿದ ಅಹವಾಲುಗಳಿಂದ ಪ್ರಯೋಜನವಾಗಲಿಲ್ಲ. 2010ರ ಜುಲೈ 20ರಂದು ಅವರಲ್ಲಿ ಕೆಲವರು ಪುರಸಭೆಯ ಮುಂದೆ ನಿಂತು, ತಾವು ದಿನವೂ ಹೊತ್ತ ಮಲವನ್ನೇ ತಮ್ಮ ಮೈಮೇಲೆ ಸುರಿದುಕೊಂಡರು. ನಾಡಿನ ಪತ್ರಿಕೆಗಳೆಲ್ಲ ಸವಣೂರಿನತ್ತ ತಿರುಗಿದುದು ಆಗ. ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸಿದ ಶಾಸನವು 1993ರಲ್ಲಿಯೇ ಬಂದು, ಅಂದಿಗೆ ಹದಿನೇಳು ವರ್ಷಗಳಾಗಿದ್ದವು.