ದೊಡ್ಡಮ್ಮನ ಹೆಸರು, ನನ್ನ ಉಪ್ಪು

ಅಡುಗೆಮನೆ ಕ್ಯಾಪ್ಶನ್, ಭಾಗ 6

ಮೊದಲನೇ ಫೋಟೋದಲ್ಲಿರೋ ಜಾಡಿ ಚೆನ್ನಾಗಿದೆ ಅಲ್ವಾ? ಅದು ನಮ್ಮ ದೊಡ್ಡಮ್ಮಂದು. ಈಗ ಎರಡನೇದಕ್ಕೆ ಸ್ವೈಪ್ ಮಾಡಿ. ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿದೆ ನೋಡಿ, ಅದು ನನ್ನ ಕೆಲಸ. ಜಾಡಿ ನನ್ನ ಕ್ಲಾಸ್‌ಮೇಟ್ ಮನೇದು. ಫೋಟೋ ಹಾಕ್ಲಾ ಅಂತ ಅವಳನ್ನ ಕೇಳಿಯೇ ಹಾಕಿದ್ದು. ಈಗ ನಾನು ಎಲ್ಲದಕ್ಕೂ ಕೇಳ್ತೀನಿ, ಯಾಕೆ ಅಂತ ಹೇಳ್ತೀನಿ ಇರಿ.

ನಮ್ಮ ಕಡೆ, ಅಂದ್ರೆ ಸಾಗರ–ಸಿರಸಿ ಕಡೆ, ಅಪ್ಪೆಮಿಡಿ ಸೀಸನ್ ಬಂತು ಅಂದ್ರೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ದೊಡ್ಡಮ್ಮ ಉಪ್ಪಿನಕಾಯಿ ಹಾಕಿ ಮಾರ್ತಾರೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಗೊತ್ತಿರೋರು ಫೋನ್ ಮಾಡ್ತಾರೆ, ಬೆಂಗಳೂರು ಬಸ್ಸಿಗೆ ಡಬ್ಬ ಹೋಗುತ್ತೆ. ಅವರ ಕೈಖರ್ಚು, ಔಷಧಿ ಎಲ್ಲ ಅದರಲ್ಲೇ.

ಹೋದ ವರ್ಷ ರಜೆಗೆ ಹೋದಾಗ ಪಕ್ಕದಲ್ಲಿ ಕೂತು ನೋಡಿದೆ. ಸೊನೆ ಹೋಗಬಾರದು ಅಂತ ಮಿಡಿಗೆ ಸಣ್ಣ ತೊಟ್ಟು ಬಿಟ್ಟು ಬಿಡಿಸೋದು. ತೊಳೆದು, ಬಟ್ಟೆ ಮೇಲೆ ಹರಡಿ, ನೀರಿನ ಪಸೆ ಇಲ್ಲದ ಹಾಗೆ ಒಣಗಿಸೋದು. ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ದಿನಾ ಒಂದ್ಸಲ ಜಾಡಿ ಅಲುಗಿಸೋದು. ಮಿಡಿ ಚಿರುಟಿ ಸುಕ್ಕಾಗಿ, ನೀರು ಬಿಟ್ಟ ಮೇಲೆ ಆ ಉಪ್ಪುನೀರನ್ನ ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಒಣಮೆಣಸು, ಸಾಸಿವೆ, ಅರಿಶಿನ ರುಬ್ಬಿ ಕಲಸೋದು. ಉಪ್ಪಿನ ಲೆಕ್ಕ ಕೇಳಿದ್ರೆ ದೊಡ್ಡಮ್ಮ ಹೇಳೋದು ಒಂದೇ: ನಾಲ್ಕು ಸೇರು ಮಿಡಿಗೆ ಒಂದು ಸೇರು ಕಲ್ಲುಪ್ಪು.

ನಾನು ಎಲ್ಲ ವಿಡಿಯೋ ಮಾಡ್ಕೊಂಡೆ. ಹಾಸ್ಟೆಲ್‌ಗೆ ವಾಪಸ್ ಬಂದು ರಾತ್ರಿ ಕೂತು ಕ್ಯಾಪ್ಶನ್ ಬರೆದೆ. ಇಲ್ಲಿ ಒಂದು ಕ್ಯಾಪ್ಶನ್‌ಗೆ 2,200 ಅಕ್ಷರ ಅಷ್ಟೇ ಹಿಡಿಯೋದು, ನಿಮಗೂ ಗೊತ್ತು. ಜಾಗ ಸಾಲ್ಲಿಲ್ಲ. ಮಳೆ, ಮಾವಿನ ತೋಟ, ಅಜ್ಜಿ ನೆನಪು ಇದನ್ನೆಲ್ಲ ಇಟ್ಕೊಂಡೆ, ಅದಕ್ಕೇ ತಾನೇ ಲೈಕ್ ಬರೋದು. ಒಣಗಿಸೋದು, ಉಪ್ಪುನೀರು ಆರಿಸೋದು ತೆಗೆದು ಹಾಕಿದೆ. ಆಮೇಲೆ ಉಪ್ಪು. ನಾಲ್ಕಕ್ಕೆ ಒಂದು ಅಂದ್ರೆ ತುಂಬಾ ಆಯ್ತು ಅನ್ನಿಸ್ತು. ಈಗ ಎಲ್ಲರೂ ಉಪ್ಪು ಕಡಿಮೆ ತಿನ್ನಿ ಅಂತಾರಲ್ಲ. ‘8 ಕಪ್ ಮಿಡಿಗೆ 1 ಕಪ್ ಉಪ್ಪು’ ಅಂತ ಬರೆದೆ. ಅಂದ್ರೆ ನೇರ ಅರ್ಧ. ನಾನು ಹಾಗೆ ಮಾಡಿ ನೋಡಿರಲಿಲ್ಲ. ಮಾಡಿ ನೋಡೋಕೆ ಹಾಸ್ಟೆಲ್‌ನಲ್ಲಿ ಎಂತ ಇದೆ, ಒಂದು ಕೆಟಲ್ ಬಿಟ್ರೆ?

ಆದ್ರೆ ಕ್ರೆಡಿಟ್ ಮಾತ್ರ ಮರೀಲಿಲ್ಲ ಮಾರಾಯ್ರೆ! ಮೊದಲನೇ ಸಾಲಲ್ಲೇ, ‘ಇದು ನಮ್ಮ ದೊಡ್ಡಮ್ಮನ ಉಪ್ಪಿನಕಾಯಿ’ ಅಂತ ಹೆಸರು, ಊರು ಸಮೇತ ಬರೆದೆ. ಬೇರೆಯವರ ರೆಸಿಪಿ ಎತ್ತಿ ತಮ್ಮದು ಅಂತ ಹಾಕೋರ ಮೇಲೆ ನಾನು ಎಷ್ಟು ಸಲ ಸ್ಟೋರಿಯಲ್ಲಿ ಉರ್ಕೊಂಡಿಲ್ಲ? ನಾನು ಹಾಗಲ್ಲ ಅಂತ ಜಂಬ ಬೇರೆ.

ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗೆ ಮಾತ್ರ ಇರೋದಲ್ಲ. ಮಿಡಿಯೊಳಗಿನ ನೀರನ್ನ ಹೊರಗೆಳೆದು, ಕೆಡಿಸೋ ಜೀವಿಗಳು ಬೆಳೀದ ಹಾಗೆ ತಡೆಯೋದು ಅದೇ. ಚಿತ್ರಾನ್ನಕ್ಕೆ ಉಪ್ಪು ಅರ್ಧ ಮಾಡಿದ್ರೆ ಸಪ್ಪೆ ಆಗುತ್ತೆ, ಮೇಲಿಂದ ಹಾಕ್ಕೋಬಹುದು. ಉಪ್ಪಿನಕಾಯಿಗೆ ಅರ್ಧ ಮಾಡಿದ್ರೆ ಜಾಡಿಗೆ ಜಾಡಿಯೇ ಹೋಗುತ್ತೆ. ಇದು ಗೊತ್ತಿದ್ದಿದ್ರೆ ನಾನು ಬರೀತಿರಲಿಲ್ಲ. ಗೊತ್ತಿಲ್ಲದೇ ಇರೋದನ್ನ ಬರೆದಿದ್ದೇ ತಪ್ಪು.

ನನ್ನ ಕ್ಲಾಸ್‌ಮೇಟ್ ಅಮ್ಮ ಆ ಕ್ಯಾಪ್ಶನ್ ಸೇವ್ ಮಾಡಿ, ಶಿವಮೊಗ್ಗ ಮಾರ್ಕೆಟ್ಟಿಂದ ಐನೂರು ಮಿಡಿ ತಂದು ಹಾಕಿದ್ರು. ಮಳೆ ಹಿಡಿಯೋ ಹೊತ್ತಿಗೆ ಎರಡನೇ ಫೋಟೋದ ಸ್ಥಿತಿ. ಎಲ್ಲ ಗುಂಡಿಗೆ ಹೋಯ್ತು. ಸೀಸನ್ ಮುಗಿದಿತ್ತು, ಮತ್ತೆ ಮಿಡಿ ಸಿಗೋದು ಮುಂದಿನ ವರ್ಷಕ್ಕೇ.

ಅವರು ನನಗೇನೂ ಅನ್ನಲಿಲ್ಲ, ಅದೇ ಕಷ್ಟ ಆಗಿದ್ದು. ಅವರು ಅವರ ತಂಗಿಗೆ ಹೇಳಿದ್ರು. ಆ ತಂಗಿ ವರ್ಷಾ ವರ್ಷಾ ನಮ್ಮ ದೊಡ್ಡಮ್ಮನ ಹತ್ರ ಎರಡು ಡಬ್ಬ ತರಿಸೋರು. ಅವರು ಫೋನ್ ಮಾಡಿ, “ಈ ಸಲ ಬೇಡ ಅಮ್ಮ, ನಿಮ್ಮ ಉಪ್ಪಿನಕಾಯಿ ತಾಳಿಕೆ ಬರಲ್ಲವಂತೆ” ಅಂದ್ರಂತೆ.

ದೊಡ್ಡಮ್ಮಂಗೆ ತಲೆಬುಡ ಅರ್ಥ ಆಗಲಿಲ್ಲ. ನನಗೆ ಫೋನ್ ಬಂತು. “ಎಂತದೇ ಇದು? ಉಪ್ಪು ಅರ್ಧ ಹಾಕು ಅಂತ ನಾನು ಯಾವಾಗ ಹೇಳಿದ್ನೇ?”

“ದೊಡ್ಡಮ್ಮ, ನಿಮ್ಮ ಹೆಸರು ಹಾಕಿದ್ದೆ...” ಅಂದೆ. ಸಮಾಧಾನ ಮಾಡೋಕೆ ಹೇಳಿದ್ದು ನಾನು.

“ಅದಕ್ಕೇ ಕೇಳ್ತಿರೋದು. ಹೆಸರು ನಂದು, ಉಪ್ಪು ನಿಂದು. ಹಾಕದೇ ಇದ್ದಿದ್ರೆ ಚೆನ್ನಾಗಿತ್ತು.”

ನೀವೂ ಅಡುಗೆ ಪೋಸ್ಟ್ ಮಾಡೋರಾದ್ರೆ ಇಲ್ಲಿ ಸ್ವಲ್ಪ ನಿಲ್ಲಿ. ಹೆಸರು ಹಾಕಿದ್ರೆ ಮುಗೀತು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಕಾನೂನು ನೋಡಿದ್ರೆ ಅಷ್ಟೂ ಬೇಕಾಗಿಲ್ಲ: ನಮ್ಮ 1957ರ ಕಾಪಿರೈಟ್ ಕಾಯ್ದೆ ಕಾಯೋದು ನೀವು ಬರೆದ ಮಾತನ್ನ, ತೆಗೆದ ಫೋಟೋನ. ಮಿಡಿ, ಉಪ್ಪು, ಮೆಣಸು ಅನ್ನೋ ಬರೀ ಪಟ್ಟಿ ಯಾರ ಸ್ವತ್ತೂ ಅಲ್ಲ. ಹಾಗಾಗಿ ಇನ್ನೊಬ್ಬರ ಕ್ಯಾಪ್ಶನ್, ಫೋಟೋ ಎತ್ತೋದು ಬೇರೆ ವಿಷಯ, ಅವರ ಅಡುಗೆ ಮಾಡಿ ನೋಡಿ ನಮ್ಮ ಮಾತಲ್ಲಿ ಬರೆಯೋದು ಬೇರೆ ವಿಷಯ. ಆದ್ರೆ ದೊಡ್ಡಮ್ಮ ಕೇಳಿದ್ದು ಕಾಯ್ದೆಯ ಪ್ರಶ್ನೆ ಅಲ್ಲ. ಒಬ್ಬರ ಹೆಸರು ಬರೆದ ಮೇಲೆ ಅದರ ಕೆಳಗಿರೋ ಪ್ರತಿ ಅಳತೆಯೂ ಅವರು ಹೇಳಿದ್ದು ಅಂತ ಓದೋರು ನಂಬ್ತಾರೆ. ನಾನು ಬದಲಾಯಿಸಿದ್ದನ್ನ ‘ಇದು ನಾನು ಬದಲಾಯಿಸಿದ್ದು, ಮಾಡಿ ನೋಡಿಲ್ಲ’ ಅಂತ ಬರೆದಿದ್ರೆ ಆ ಆಂಟಿ ಐನೂರು ಮಿಡಿ ಹಾಕ್ತಿರಲಿಲ್ಲ. ಹತ್ತು ಹಾಕಿ ನೋಡೋರು.

ಹಾಗಂತ ರೆಸಿಪಿ ಮುಚ್ಚಿಡಬೇಕು ಅಂತಲೂ ನಾನು ಹೇಳಲ್ಲ. ಮೂರನೇ ಮಂಗರಸ ಹದಿನಾರನೇ ಶತಮಾನದಲ್ಲೇ ಅಡುಗೆ ಮಾಡೋದನ್ನ ಕನ್ನಡ ಪದ್ಯದಲ್ಲಿ ‘ಸೂಪಶಾಸ್ತ್ರ’ ಅಂತ ಬರೆದಿಟ್ಟಿದ್ದಾನೆ. ನಮಗೆ 2,200 ಅಕ್ಷರ ಸಾಲಲ್ಲ, ಅವನು ಷಟ್ಪದಿಯಲ್ಲಿ ಕೂರಿಸಿದ್ದಾನೆ!

ಆಮೇಲೆ ನಾನು ಮಾಡಿದ್ದು ಹೇಳ್ತೀನಿ. ಮೊದಲು ಪೋಸ್ಟ್ ಡಿಲೀಟ್ ಮಾಡೋಣ ಅನ್ನಿಸ್ತು, ಮರ್ಯಾದೆ ಉಳಿಯುತ್ತಲ್ಲ. ಆದ್ರೆ ಸ್ಕ್ರೀನ್‌ಶಾಟ್ ತೆಗೆದವರ ಹತ್ರ ಅದು ಹಾಗೇ ಇರುತ್ತೆ, ಅವರಿಗೆ ತಪ್ಪು ಗೊತ್ತೇ ಆಗಲ್ಲ. ಬಿಕಾಂ ಮಾಡೋರಿಗೆ ನೆನಪಿರಬೇಕು: ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂಟ್ರಿ ಬಿದ್ರೆ ರಬ್ಬರ್ ಹಾಕಿ ಅಳಿಸೋ ಹಾಗಿಲ್ಲ, ರೆಕ್ಟಿಫಿಕೇಶನ್ ಎಂಟ್ರಿ ಹಾಕಬೇಕು. ಆ ಚಾಪ್ಟರ್‌ನಲ್ಲಿ ನನ್ನ ಮಾರ್ಕ್ಸ್ ಕೇಳಬೇಡಿ. ಹಳೇ ಕ್ಯಾಪ್ಶನ್ ಇಟ್ಟು, ಮೇಲೇ ‘ಉಪ್ಪಿನ ಅಳತೆ ತಪ್ಪು, ತಪ್ಪು ನಂದು, ದೊಡ್ಡಮ್ಮಂದಲ್ಲ’ ಅಂತ ಬರೆದೆ. ‘ನಾವೂ ಹಾಕಿದ್ವಿ’ ಅಂತ ಕಾಮೆಂಟ್ ಮಾಡಿದ್ದವರಿಗೆ ಒಬ್ಬೊಬ್ಬರಿಗೂ ಮೆಸೇಜ್ ಮಾಡಿದೆ. ಆ ಆಂಟಿ ಮನೆಗೆ ಹೋಗಿ ಕ್ಷಮೆ ಕೇಳಿದೆ. ಊಟ ಹಾಕಿ ಕಳಿಸಿದ್ರು. ತಟ್ಟೆಯಲ್ಲಿ ಉಪ್ಪಿನಕಾಯಿ ಇರಲಿಲ್ಲ.

ಅಳತೆ ವಿಷಯ ಇನ್ನೂ ಇದೆ. ‘ಕಪ್’ ಅಂತ ಬರೆದ್ರೆ ಯಾವ ಕಪ್? ನಮ್ಮನೆ ಕಾಫಿ ಲೋಟ ಒಂದು ಕಪ್ಪೂ ಅಲ್ಲ, ಅರ್ಧವೂ ಅಲ್ಲ. ಅದೇ ಕಪ್ಪಿಗೆ ಪುಡಿ ಉಪ್ಪು ತುಂಬಿದ್ರೆ ಕಲ್ಲುಪ್ಪಿಗಿಂತ ಜಾಸ್ತಿ ತೂಗುತ್ತೆ, ಕಲ್ಲುಪ್ಪಿನ ನಡುವೆ ಸಂದು ಇರುತ್ತಲ್ಲ. ಮೆಲ್ಬರ್ನ್‌ನಲ್ಲಿರೋ ನಮ್ಮ ಅಕ್ಕನ ಟೇಬಲ್‌ಸ್ಪೂನ್ 20 ಮಿಲಿ, ನಮ್ಮದು 15. ಬರೀ ‘ಒಣಮೆಣಸು’ ಅಂತ ಬರೆದ್ರೆ ಒಬ್ಬರು ಬ್ಯಾಡಗಿ ಹಾಕ್ತಾರೆ, ಇನ್ನೊಬ್ಬರು ಗುಂಟೂರು ಹಾಕಿ ಕಣ್ಣೀರು ಹಾಕ್ತಾರೆ. ಶೇಂಗಾ, ಗೋಡಂಬಿ ಬಿದ್ದಿರೋ ಅಡುಗೆ ಆದ್ರೆ ಅದನ್ನ ಮೇಲೇ ಬರೀರಿ, ಕೆಲವರಿಗೆ ಅದು ಅಲರ್ಜಿ. ಈಗ ನಾನು ನೆನಪನ್ನೆಲ್ಲ ಕೆಳಗಿಟ್ಟು ಅಳತೆ ಮೇಲಿಡ್ತೀನಿ. ಜಾಗ ಸಾಲದಿದ್ರೆ ಅಜ್ಜಿ ನೆನಪು ಕಟ್.

ಈ ವರ್ಷ ಮಿಡಿ ಬಂದಾಗ ಹೊಸ ಕ್ಯಾಪ್ಶನ್ ಬರೆದು, ಹಾಕೋ ಮುಂಚೆ ಫೋನ್‌ನಲ್ಲಿ ದೊಡ್ಡಮ್ಮಂಗೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ ನಿಲ್ಲಿಸಿದ್ರು. ಒಂದು, ರುಬ್ಬೋ ಹೊತ್ತಿಗೆ ಉಪ್ಪುನೀರು ‘ತಣ್ಣಗೆ’ ಅಲ್ಲ, ‘ಪೂರ್ತಿ ತಣ್ಣಗೆ’ ಆಗಿರಬೇಕು ಅಂತ ಬರಿ. ಇನ್ನೊಂದು, ಮಸಾಲೆಯಲ್ಲಿ ಕೊನೆಗೆ ಬೀಳೋ ಒಂದು ಸಾಮಾನು ಬರೀಬೇಡ.

“ಅದು ಮಾರೋ ಜಾಡಿಗೆ ಮಾತ್ರ. ಮನೆಗೆ ಹಾಕೋರಿಗೆ ಅದಿಲ್ಲದೇ ಆಗುತ್ತೆ. ಅಷ್ಟು ನನಗಿರಲಿ.”

ಹಾಗಾಗಿ ನಾಲ್ಕನೇ ಸ್ಲೈಡ್‌ನಲ್ಲಿ ಒಂದು ಸಾಲು ಖಾಲಿ ಇದೆ, ‘ದೊಡ್ಡಮ್ಮ ಹೇಳಬೇಡ ಅಂದಿದ್ದಾರೆ’ ಅಂತ ಬರೆದಿದ್ದೀನಿ. ಡಿಎಂ ಮಾಡಿ ಕೇಳಬೇಡಿ, ಹೇಳಲ್ಲ. ಬಾಕಿ ಎಲ್ಲ ಅವರದೇ ಅಳತೆ: ನಾಲ್ಕಕ್ಕೆ ಒಂದು, ಕಲ್ಲುಪ್ಪು.

ಆ ತಂಗಿ ಇನ್ನೂ ಫೋನ್ ಮಾಡಿಲ್ಲ. ನನ್ನ ಕ್ಲಾಸ್‌ಮೇಟ್ ಅಮ್ಮ ಮಾತ್ರ ಈ ಸಲ ನೂರು ಮಿಡಿ ತಂದಿದ್ದಾರೆ, ದೊಡ್ಡಮ್ಮನ ನಂಬರ್ ಇಸ್ಕೊಂಡು ನೇರ ಅವರನ್ನೇ ಕೇಳಿ ಹಾಕಿದ್ದಾರೆ.